ಅಂಗೈಯಗಲದ ಪೆಟ್ಟಿಗೆ

ನಮ್ಮ ಮನೆಯ ಅಟ್ಟದ ಮೇಲೆ ಎರಡು ಮರದ ಪೆಟ್ಟಿಗೆಗಳಿದ್ದವು. 1994ರಲ್ಲಿ, ನಾವು ಬಳ್ಳಾರಿಯಲ್ಲಿ ಮನೆ ಹೂಡಿದ ಹೊಸತರಲ್ಲಿ, ನಮ್ಮವರು ಕಂತಿನ ಮೇಲೆ ತಂದ ಸ್ಟೀರಿಯೋ ಸೆಟ್ಟಿನ ಸ್ಪೀಕರುಗಳು ಅವು. ಸೆಟ್ಟಿನ ನಡುವಿನ ಭಾಗ, ಅಂದರೆ ಕ್ಯಾಸೆಟ್ ಹಾಕುವ ಡೆಕ್ಕು ಮತ್ತು ಅದರ ಕೆಳಗಿನ ಆಂಪ್ಲಿಫೈಯರು, ಹತ್ತು ವರ್ಷ ಹಾಡಿ, ಇನ್ನೆರಡು ವರ್ಷ ಗೊರಗೊರ ಎಂದು, ಕೊನೆಗೆ ಗುಜರಿಯವನ ತಳ್ಳುಗಾಡಿ ಸೇರಿತು. ಸ್ಪೀಕರುಗಳನ್ನು ಕೊಡಲು ಮನಸ್ಸಾಗಲಿಲ್ಲ. ಕೆಲವು ವರ್ಷ ಅವುಗಳ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟೆ. ಸುಣ್ಣ ಬಣ್ಣ ಮಾಡಿಸಿದಾಗ ಅಟ್ಟಕ್ಕೇರಿಸಿದೆ. ಮರೆತೆ.

ಅವು ಕೆಳಗಿಳಿಯಲು ಕಾರಣ ಸಿರುಗುಪ್ಪದ ಒಂದು ಕ್ಯಾಸೆಟ್ಟು. ಸಿರುಗುಪ್ಪ ನನ್ನ ತವರು. 1989ರಲ್ಲಿ ನಮ್ಮ ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವ, ದೊಡ್ಡಮ್ಮ ಮತ್ತು ಓಣಿಯ ಹೆಂಗಸರು ಕೂತು ಹಾಡಿದ್ದನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಅಂದು ತೊಟ್ಟಿಲಲ್ಲಿ ಮಲಗಿದ್ದ ಹುಡುಗನೇ ಈಗ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದು, ಮೊಬೈಲಿಗೆ ಇಳಿಸಿ ಕಳಿಸಿದ. ಹಾಕಿ ಕೇಳಿದೆ. ಅವ್ವನ ದನಿ ತಗ್ಗಿನದು, ಎದೆಯಿಂದ ಬರುವಂಥದು. ಮೊಬೈಲಿನಲ್ಲಿ ಅದು ತಗಡಿನ ಡಬ್ಬಿಯೊಳಗಿನ ಜೀರುಂಡೆಯಾಗಿತ್ತು. ಕಡಲೆಬೀಜದಷ್ಟು ಸ್ಪೀಕರಿನಿಂದ ತಗ್ಗಿನ ಸ್ವರ ಹೊರಡುವುದಾದರೂ ಹೇಗೆ? ಆಗ ಅಟ್ಟದ ನೆನಪಾಯಿತು.

ಇಷ್ಟು ವರ್ಷ ಮನೆಯ ಹಾಡಿನ ಯಂತ್ರಗಳೆಲ್ಲ ಗಂಡಸರ ಇಲಾಖೆ. ತರುವವರು ಅವರು, ಗುಂಡಿ ತಿರುಗಿಸುವವರು ಅವರು. ಒಗ್ಗರಣೆ ಸದ್ದಿನ ನಡುವೆ, ಅಡುಗೆಮನೆಯ ಬಾಗಿಲಿನಿಂದ ಬಂದಷ್ಟೇ ಸಂಗೀತ ನಮ್ಮ ಪಾಲು. ಮೊದಲ ಬಾರಿಗೆ ನಾನೇ ಆಂಪ್ಲಿಫೈಯರು ಕೊಳ್ಳಲು ಹೊರಟೆ. ಅದರಲ್ಲಿ ಒಮ್ಮೆ ಮೋಸ ಹೋಗಿ, ಒಮ್ಮೆ ಗೆದ್ದು, ಈಗ ಈ ಸಣ್ಣ ಪೆಟ್ಟಿಗೆಗಳ ಗುಣದೋಷ ಹೇಳಲು ಕೂತಿದ್ದೇನೆ.

ಬಳ್ಳಾರಿಯ ಒಂದು ಅಂಗಡಿಯಲ್ಲಿ ಹುಡುಗ ನನ್ನ ಮುಂದಿಟ್ಟದ್ದು ಅಂಗೈಯಗಲದ ಕಪ್ಪು ಪೆಟ್ಟಿಗೆ. ನಮ್ಮ ಮಸಾಲೆ ಡಬ್ಬಿಗಿಂತ ಚಿಕ್ಕದು. “ಮೇಡಂ, ನೂರು ಪ್ಲಸ್ ನೂರು, ಇನ್ನೂರು ವ್ಯಾಟ್ ಐತ್ರಿ. ಓಣಿಗೆಲ್ಲ ಕೇಳ್ತೈತಿ” ಎಂದ. ಓಣಿಗೆ ಕೇಳಿಸುವ ಆಸೆ ನನಗಿರಲಿಲ್ಲ. ಆದರೂ ಇನ್ನೂರು ಎಂಬ ಅಂಕೆಗೆ ಸೋತೆ. ಮನೆಗೆ ತಂದು ಹಚ್ಚಿದರೆ ನೀಲಿ ದೀಪ ಚೆಂದ ಉರಿಯಿತು. ಹಾಡು ಮೆಲ್ಲಗಿದ್ದಾಗ ಪರವಾಗಿಲ್ಲ. ಸ್ವಲ್ಪ ಏರಿಸಿದರೆ ದನಿ ಒಡೆದು ಚರಚರ ಎನ್ನುತ್ತಿತ್ತು. ಭಾನುವಾರ ಮೊಮ್ಮಕ್ಕಳು ಬಂದು ಗುಂಡಿಯನ್ನು ಕೊನೆಮುಟ್ಟ ತಿರುಗಿಸಿ ಕುಣಿದರು. ಸೋಮವಾರ ಬೆಳಿಗ್ಗೆ ಎಡಗಡೆಯ ಸ್ಪೀಕರಿನಲ್ಲಿ ಮೇಲಿನ ಚಿಕ್ಕ ಕೋನು, ಟ್ವೀಟರ್ ಎನ್ನುತ್ತಾರಲ್ಲ ಅದು, ಸತ್ತಿತ್ತು. ಹನ್ನೆರಡು ವರ್ಷ ಹಾಡಿ ಉಳಿದಿದ್ದ ಸ್ಪೀಕರು ಎಂಟು ದಿನದಲ್ಲಿ ಸುಟ್ಟಿತು. ಅಂಗಡಿಯಲ್ಲಿ ಕೇಳಿದರೆ, “ನಿಮ್ಮ ಸ್ಪೀಕರ್ ಹಳೇವು, ನಮ್ಮ ಪವರ್ ತಡೀಲಿಲ್ಲ” ಎಂಬ ಹೆಮ್ಮೆಯ ಉತ್ತರ ಬಂತು.

ಆ ಹೆಮ್ಮೆ ಎಷ್ಟು ಸುಳ್ಳು ಎಂದು ತಿಳಿದದ್ದು ಕುರುಗೋಡಿನಲ್ಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ವಿಜ್ಞಾನದ ಮೇಷ್ಟ್ರು ನನ್ನ ಗೋಳು ಕೇಳಿ ನಕ್ಕು, “ಮೇಡಂ, ಪೆಟ್ಟಿಗೆ ಮೇಲೆ ಬರೆದದ್ದು ಓದಬ್ಯಾಡ್ರಿ, ಅಡಾಪ್ಟರಿನ ಮೇಲಿಂದು ಓದ್ರಿ” ಎಂದರು. ಮರುದಿನ ಅಡಾಪ್ಟರನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋದೆ. ಅದರ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿತ್ತು. ಎರಡನ್ನೂ ಗುಣಿಸಿದರೆ 24 ವ್ಯಾಟ್. ಗೋಡೆಯಿಂದ 24 ವ್ಯಾಟ್ ತರುವ ಅಡಾಪ್ಟರು ಸ್ಪೀಕರಿಗೆ ಇನ್ನೂರು ವ್ಯಾಟನ್ನು ಎಲ್ಲಿಂದ ಕೊಟ್ಟೀತು? ಪಾವು ಅಕ್ಕಿ ಹಾಕಿ ಪಡಿ ಅನ್ನ ಬಡಿಸುತ್ತೇನೆ ಅಂದ ಹಾಗೆ.

ಅವರು ಇನ್ನೊಂದು ಲೆಕ್ಕವನ್ನೂ ಹೇಳಿಕೊಟ್ಟರು. ಈ ಬಗೆಯ ಪೆಟ್ಟಿಗೆಯಲ್ಲಿ ಒಂದು ಸ್ಪೀಕರಿಗೆ ಹೆಚ್ಚೆಂದರೆ ಎಷ್ಟು ಹೋಗಬಹುದು ಎಂದು ತಿಳಿಯಲು ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಹಿಂದೆ ಬರೆದ ಓಮ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಬೇಕು. ನಮ್ಮ ಸ್ಪೀಕರಿನ ಹಿಂದೆ 8 ಓಮ್ ಎಂದಿತ್ತು. 12ನ್ನು 12ರಿಂದ ಗುಣಿಸಿದರೆ 144, ಅದನ್ನು 16ರಿಂದ ಭಾಗಿಸಿದರೆ 9. ನೂರು ಎಂದು ಕೊಂಡದ್ದು ಒಂಬತ್ತು! ಸ್ಪೀಕರು ಸುಟ್ಟದ್ದು ಶಕ್ತಿ ಹೆಚ್ಚಾಗಿಯಲ್ಲ, ಕಡಿಮೆಯಾಗಿ. ಇರುವ ಶಕ್ತಿಗಿಂತ ಹೆಚ್ಚು ಕೂಗಿಸಲು ಹೋದರೆ ಆಂಪ್ಲಿಫೈಯರು ದನಿಯ ಅಲೆಗಳ ತಲೆ ಕತ್ತರಿಸಿ ಕಳಿಸುತ್ತದೆ. ಕತ್ತರಿಸಿದ ಅಲೆಯಲ್ಲಿ, ಹಾಡಿನಲ್ಲಿ ಇಲ್ಲದ ಕೀರಲು ಸ್ವರಗಳು ಹುಟ್ಟುತ್ತವೆ. ಅವೆಲ್ಲ ಹೋಗಿ ಬೀಳುವುದು ಟ್ವೀಟರಿನ ಕೂದಲಿನಂಥ ತಂತಿಯ ಮೇಲೆ. ಚರಚರ ಸದ್ದು ಅದರ ಮುನ್ನೆಚ್ಚರಿಕೆಯಾಗಿತ್ತು. ನನಗೆ ತಿಳಿಯಲಿಲ್ಲ.

ಅಂಕೆಯ ಈ ಸುಳ್ಳು ಹೊಸದಲ್ಲ. ತೊಂಬತ್ತರ ದಶಕದ ಟೂ ಇನ್ ಒನ್‌ಗಳ ಮೇಲೆ ಸಾವಿರ ವ್ಯಾಟ್ ಪಿಎಂಪಿಓ ಎಂಬ ಚೀಟಿ ಹೊಳೆಯುತ್ತಿದ್ದದ್ದು ನಿಮಗೂ ನೆನಪಿರಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ ಅದು. ಬಿಡದೆ ಕೊಡುವ ಶಕ್ತಿಯನ್ನು ಹೇಳುವುದು ಆರ್‌ಎಂಎಸ್ ಎಂಬ ಅಂಕೆ. ಕೊಳ್ಳುವಾಗ ಅದನ್ನೇ ಕೇಳಬೇಕು. ಅಂಗಡಿಯವರು ಹೇಳದಿದ್ದರೆ ಅಡಾಪ್ಟರನ್ನು ತಿರುಗಿಸಿ ನೋಡಬೇಕು.

ಹಾಗಾದರೆ ಮನೆಗೆ ಎಷ್ಟು ಬೇಕು? ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಸಾಧಾರಣ ಸ್ಪೀಕರಿಗೆ ಒಂದೇ ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 85ರಿಂದ 88 ಡೆಸಿಬಲ್ ಸದ್ದು ಬರುತ್ತದೆ. ನಾವು ಎದುರುಬದುರು ಕೂತು ಮಾತಾಡುವುದು 60ರ ಆಸುಪಾಸು. ಶಕ್ತಿಯನ್ನು ಎರಡರಷ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಹತ್ತುಪಟ್ಟು ಶಕ್ತಿ ಬೇಕು. ಆದ್ದರಿಂದ ಮೂವತ್ತು ವ್ಯಾಟಿನದಕ್ಕೂ ಅರವತ್ತರದ್ದಕ್ಕೂ ನಡುಮನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸ್ಪೀಕರಿಗೆ ಪ್ರಾಮಾಣಿಕವಾದ ಇಪ್ಪತ್ತು ಮೂವತ್ತು ವ್ಯಾಟ್ ಇದ್ದರೆ ಧಾರಾಳ.

ಎರಡನೆಯ ಬಾರಿ ಕೊಂಡದ್ದು ಈ ಲೆಕ್ಕ ಹಿಡಿದೇ. ಟಿಪಿಎ 3116 ಎಂಬ ಚಿಪ್ಪಿರುವ ಪೆಟ್ಟಿಗೆ, 24 ವೋಲ್ಟ್, 4 ಆಂಪಿಯರ್ ಅಡಾಪ್ಟರು. ಇದರ ಮೇಲೂ ನೂರು ಪ್ಲಸ್ ನೂರು ಎಂದೇ ಬರೆದಿತ್ತು. ಆದರೆ ನಮ್ಮ 8 ಓಮ್ ಸ್ಪೀಕರಿಗೆ ಲೆಕ್ಕದ ಪ್ರಕಾರ ಮೂವತ್ತಾರು, ನಡೆಯಲ್ಲಿ ಮೂವತ್ತು ಅನ್ನಿ. ಟ್ವೀಟರನ್ನು ಬದಲಾಯಿಸಿಕೊಟ್ಟ ರೇಡಿಯೋ ರಿಪೇರಿಯವರು ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿ ನೋಡಿ ತಲೆಯಾಡಿಸಿದರು. ಅವರ ಕಾಲದಲ್ಲಿ ಎಲ್‌ಎ 4440 ಎಂಬ ಐಸಿ ಹಾಕಿ ಕೈಯಾರೆ ಆಂಪ್ಲಿಫೈಯರು ಕಟ್ಟಿಕೊಡುತ್ತಿದ್ದರಂತೆ. ಒಂದು ಕಡೆಗೆ ಆರು ವ್ಯಾಟ್. ಅಷ್ಟಕ್ಕೇ ಹಿಂದೆ ದಪ್ಪ ಅಲ್ಯೂಮಿನಿಯಮ್ ಹಲ್ಲೆ, ಒಳಗೆ ಭಾರದ ಟ್ರಾನ್ಸ್‌ಫಾರ್ಮರು. ಇಷ್ಟು ಸಣ್ಣದು ಅಷ್ಟು ಕೊಡುವುದು ಹೇಗೆ?

ಉತ್ತರ ನಮ್ಮ ಗೋಡೆಯ ಮೇಲೇ ಇದೆ. ಹಳೆಯ ಫ್ಯಾನಿನ ದಪ್ಪ ರೆಗ್ಯುಲೇಟರು ನೆನಪಿದೆಯೇ? ಫ್ಯಾನನ್ನು ನಿಧಾನ ಮಾಡಿದರೆ ಉಳಿದ ಕರೆಂಟನ್ನು ಕಾವು ಮಾಡಿ ಕಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಈಗಿನ ಪುಟ್ಟ ಎಲೆಕ್ಟ್ರಾನಿಕ್ ರೆಗ್ಯುಲೇಟರು ಕರೆಂಟನ್ನು ತಡೆತಡೆದು ಬಿಡುತ್ತದೆ, ಅಷ್ಟು ಬಿಸಿಯಾಗುವುದಿಲ್ಲ. ಹಳೆಯ ಆಂಪ್ಲಿಫೈಯರು ಮೊದಲನೆಯದರಂತೆ, ಕ್ಲಾಸ್ ಡಿ ಎಂಬ ಹೊಸ ಬಗೆ ಎರಡನೆಯದರಂತೆ. ಇದು ಸೆಕೆಂಡಿಗೆ ಲಕ್ಷಾಂತರ ಸಲ ಹಾಕಿ ಆರಿಸಿ, ಹಾಡಿಗೆ ಬೇಕಾದಷ್ಟನ್ನೇ ಅಳೆದು ಬಿಡುತ್ತದೆ. ತೆಗೆದುಕೊಂಡ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಪೀಕರಿಗೇ ಹೋಗಬಲ್ಲದು. ಏಪ್ರಿಲ್ ಮೇ ತಿಂಗಳಲ್ಲಿ ಗೋಡೆಯೂ ಕಾಯುವ ನಮ್ಮ ಬಳ್ಳಾರಿಯಲ್ಲಿ ಮನೆಯೊಳಗೆ ಇನ್ನೊಂದು ಒಲೆ ಉರಿಸದಿರುವುದು ಸಣ್ಣ ಗುಣವೇನಲ್ಲ.

ದೋಷಗಳನ್ನೂ ಹೇಳಬೇಕು. ಮೊದಲನೆಯದು, ಬಾಸ್ ಮತ್ತು ಟ್ರೆಬಲ್ ಗುಂಡಿ. ಬಾಸನ್ನು ಪೂರ್ತಿ ತಿರುಗಿಸಿದರೆ ಎಲ್ಲ ಹಾಡೂ ಗಣಪತಿ ವಿಸರ್ಜನೆಯ ಡಿಜೆಯಾಗುತ್ತದೆ. ಗಡಿಯಾರದ ಹನ್ನೆರಡರ ಜಾಗದಲ್ಲಿ ಬಿಡುವುದು ಒಳ್ಳೆಯದು. ಎರಡನೆಯದು, ಹಳೆಯ ರೆಕಾರ್ಡ್ ಪ್ಲೇಯರನ್ನು ನೇರ ಹಚ್ಚಿದರೆ ಸಾಮಾನ್ಯವಾಗಿ ಸೊಳ್ಳೆಯ ದನಿ, ನಡುವೆ ಫೋನೋ ಪ್ರಿ ಆಂಪ್ ಎಂಬ ಬೇರೆ ಡಬ್ಬಿ ಬೇಕು. ಮೂರನೆಯದೇ ನನಗೆ ದೊಡ್ಡದು. ಇದು ಕೆಟ್ಟರೆ ರಿಪೇರಿ ಕಷ್ಟ. ಹಳೆಯ ಐಸಿಯನ್ನು ಬಿಚ್ಚಿ ಹೊಸದನ್ನು ಬೆಸೆಯುವ ಕೈಗಳು ನಮ್ಮ ಊರಲ್ಲಿದ್ದವು. ಈ ಚಿಪ್ಪು ಬೆರಳುಗುರಿಗಿಂತ ಚಿಕ್ಕದು, ಅದರ ಕಾಲುಗಳು ಕಣ್ಣಿಗೂ ಕಾಣವು. ಅಗ್ಗವಾಗಿ ಬಂದದ್ದು ಅಗ್ಗವಾಗಿಯೇ ಕಸಕ್ಕೆ ಹೋಗುತ್ತದೆ, ಅದರ ಜೊತೆಗೆ ಒಂದು ಕಸುಬೂ ಹೋಗುತ್ತದೆ.

ಹಚ್ಚುವಾಗ ಎಚ್ಚರ ಬೇಕು. ಕರೆಂಟು ತೆಗೆದೇ ವೈರು ಜೋಡಿಸಬೇಕು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎಳೆಗಳು ಒಂದಕ್ಕೊಂದು ತಾಗಬಾರದು. ಈ ಬಗೆಯ ಪೆಟ್ಟಿಗೆಯಲ್ಲಿ ಎರಡೂ ಕಡೆಯ ಕಪ್ಪು ವೈರುಗಳನ್ನು ಕೂಡಿಸಿ ಒಂದು ಮಾಡಲೇಬಾರದು. ಒಂದು ಕಡೆ ಮಾತ್ರ ಕೆಂಪು ಕಪ್ಪು ತಿರುವುಮುರುವಾದರೆ ಏನೂ ಸುಡುವುದಿಲ್ಲ, ಆದರೆ ಒಂದು ಸ್ಪೀಕರು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ, ತಗ್ಗಿನ ಸ್ವರ ಅಲ್ಲೇ ಕರಗುತ್ತದೆ. ಸ್ಪೀಕರುಗಳನ್ನು ಗೋಡೆಯಿಂದ ಒಂದು ಮೊಳ ಮುಂದೆ, ಕೂತವರ ಕಿವಿಯ ಎತ್ತರಕ್ಕೆ ಇಡಬೇಕು. ಅವುಗಳ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನಾವು ಕೂರಬೇಕು. ಬೀರುವಿನ ಮೇಲೆ ಒಂದು, ಫ್ರಿಜ್ಜಿನ ಮೇಲೆ ಒಂದು ಇಟ್ಟು ಸ್ಟೀರಿಯೋ ಎಂದರೆ ಆಗದು.

ನಮಗೆ ಜೋರು ಎಂದರೇ ಚೆನ್ನು ಎಂಬ ಅಭ್ಯಾಸ ಬಿದ್ದಿದೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಕಟ್ಟುವ ಕಹಳೆಯಂಥ ಲೌಡ್‌ಸ್ಪೀಕರು ಸ್ವಲ್ಪ ಶಕ್ತಿಯಲ್ಲೇ ದೂರದವರೆಗೆ ಮಾತು ಮುಟ್ಟಿಸುತ್ತದೆ. ತಪ್ಪಿಸಿಕೊಂಡ ಮಗುವನ್ನು ಹುಡುಕಲು ಅದು ಬೇಕು. ಅದೇ ದನಿಯನ್ನು ಮನೆಗೂ ಬಯಸಿದರೆ ಕಷ್ಟ. ಇದು ಬಳ್ಳಾರಿ ರಾಘವರ (1880–1946) ಊರು. ರಂಗಗೀತೆಗೆ ಹೆಸರಾದ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಳ್ಳುವ ತನಕ ಇದ್ದ ಊರು. ಕಡೆಯ ಸಾಲಿಗೆ ಮುಟ್ಟಬೇಕಾದದ್ದು ಮಾತಿನ ಸ್ಪಷ್ಟತೆ, ಬರೀ ಗಂಟಲಲ್ಲ ಎಂಬುದನ್ನು ಬೇರೆಯವರಿಂದ ಕಲಿಯಬೇಕಾದ ಊರಲ್ಲ ನಮ್ಮದು.

ಹೊಸ ಪೆಟ್ಟಿಗೆಯ ಪರೀಕ್ಷೆ ನಡೆದದ್ದು ಸಿರುಗುಪ್ಪದಲ್ಲಿ. ಅಣ್ಣನ ಮಗ ಸ್ಪೀಕರುಗಳನ್ನು ಕಾರಿನಲ್ಲಿ ಒಯ್ದಿದ್ದ. ಪೆಟ್ಟಿಗೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಬಸ್ಸಿನಲ್ಲೇ ಬಂತು. ಮೊದಲು ಹಾಡು ಎಲ್ಲಿಂದಲೋ ಚೆದುರಿ ಬಂದಂತೆ, ಟೊಳ್ಳಾಗಿ ಕೇಳಿತು. ಹಳೆಯ ಕ್ಯಾಸೆಟ್ಟಿನದು ಒಂದೇ ಮೈಕಿನ ರೆಕಾರ್ಡಿಂಗು, ವೈರು ಸರಿ ಇದ್ದರೆ ಹಾಡು ಎರಡೂ ಸ್ಪೀಕರುಗಳ ನಟ್ಟನಡುವಿನಿಂದ ಬರಬೇಕು. ಬಗ್ಗಿ ನೋಡಿದರೆ ಬಲಗಡೆಯ ವೈರು ತಿರುವುಮುರುವು. ಸರಿಪಡಿಸಿದೆ. ಖಾಲಿ ಗೋಡೆಯ ಮುಂದೆ, ಯಾರೂ ಇಲ್ಲದ ಜಾಗದಲ್ಲಿ, ಅವ್ವ ಕೂತು ಹಾಡತೊಡಗಿದಳು.

ನಿಜದ ಅವ್ವ ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ಅವಳಿಗೀಗ ಎಂಬತ್ತಮೂರು, ಕಿವಿ ಮಂದ. ಎಲ್ಲರೂ ಅವಳೊಡನೆ ಕೂಗಿ ಮಾತಾಡುತ್ತಾರೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಏರಿನ ಸ್ವರಗಳನ್ನು. ಸ, ಶ, ತ ಮುಂತಾದ ಅಕ್ಷರಗಳ ಗುರುತೇ ಅಲ್ಲಿರುತ್ತದೆ. ಅಂಥವರಿಗೆ ಬಾಸ್ ಏರಿಸಿದರೆ ಇದ್ದ ಮಾತೂ ಮುಳುಗುತ್ತದೆ. ನಾನು ಬಾಸ್ ಇಳಿಸಿ, ಟ್ರೆಬಲ್ ತುಸು ಏರಿಸಿದೆ. ದನಿಯನ್ನು ಹೆಚ್ಚಿಸಲಿಲ್ಲ.

ಅವ್ವ ಕಣ್ಣು ಮುಚ್ಚಿ ಕೇಳಿದಳು. ಎರಡನೆಯ ಹಾಡಿನ ನಡುವೆ ತಟ್ಟನೆ ಕೈ ಎತ್ತಿದಳು. “ನಿಲ್ಲಿಸು. ಅಲ್ಲಿ ನನಗ ಮರ್ತು ಹೋಗಿತ್ತು. ನಿಮ್ಮ ದೊಡ್ಡವ್ವ ಹಿಂದಿನಿಂದ ಹೇಳಿಕೊಟ್ಳು.”

ಹಿಂದಕ್ಕೆ ಹಾಕಿ ಕೇಳಿದೆವು. ನಿಜ. ಅವ್ವನ ದನಿ ಅರೆಗಳಿಗೆ ತಡೆಯುತ್ತದೆ, ಆ ಸಂದಿನಲ್ಲಿ ಪಿಸುದನಿಯಲ್ಲಿ ಒಂದು ಪದ, ಹಿಂದೆಯೇ ಅವ್ವ ಅದನ್ನೆತ್ತಿಕೊಂಡು ಮುಂದೆ ನಡೆಯುತ್ತಾಳೆ. ಮೊಬೈಲಿನಲ್ಲಿ ಎಷ್ಟೋ ಸಲ ಕೇಳಿದ್ದ ನನಗೆ ಅದು ಕೇಳಿಸಿರಲಿಲ್ಲ. ಮೊದಲ ಪೆಟ್ಟಿಗೆಯ ಚರಚರದಲ್ಲೂ ಕೇಳಿಸಿರಲಿಲ್ಲ. ದೊಡ್ಡವ್ವ ತೀರಿಕೊಂಡು ಹದಿನೇಳು ವರ್ಷ. ಅವಳ ದನಿ ಎಂದು ನಮ್ಮಲ್ಲಿ ಉಳಿದಿರುವುದು ಆ ಒಂದು ಪದ.

ಆಂಪ್ಲಿಫೈಯರನ್ನು ಹೇಗೆ ಪರೀಕ್ಷಿಸಬೇಕು ಎಂದು ಈಗ ಯಾರಾದರೂ ಕೇಳಿದರೆ ನಾನು ವ್ಯಾಟು ಓಮುಗಳನ್ನು ಹೇಳುತ್ತೇನೆ, ಹೇಳಲೂಬೇಕು. ಜೊತೆಗೆ ಇನ್ನೊಂದು ಮಾತು. ಅಂಗಡಿಯವರು ಹಾಕುವ ಅಬ್ಬರದ ಹಾಡಿನಿಂದ ಅಳೆಯಬೇಡಿ. ನಿಮಗೆ ಬಾಯಿಪಾಠವಿರುವ ಒಂದು ದನಿಯನ್ನು ಒಯ್ಯಿರಿ, ಮೆಲ್ಲಗೆ ಹಾಕಿಸಿ, ಹಿಂದೆ ಕೂತವರು ಕೇಳಿಸುತ್ತಾರೆಯೇ ನೋಡಿ.

ಪೆಟ್ಟಿಗೆಯನ್ನೂ ಸ್ಪೀಕರುಗಳನ್ನೂ ಸಿರುಗುಪ್ಪದಲ್ಲೇ ಬಿಟ್ಟು ಬಂದೆ. ನಮ್ಮವರು, “ಮತ್ತೆ ನಮ್ಮ ಮನೆಗೆ?” ಎಂದರು. “ನೋಡೋಣ ರೀ, ಅಡಾಪ್ಟರ್ ಓದೋದು ಈಗ ನನಗೆ ಬರ್ತದೆ” ಎಂದೆ.