ಊಹೆಗೆ ಸಿಕ್ಕ ಏಪ್ರಿಲ್

ಪೈಥಾನ್‌ನ ಡೇಟಾ ಲೈಬ್ರರಿಯಾದ ಪಾಂಡಾಸ್‌ನ ‘ಟು ಡೇಟ್‌ಟೈಮ್’ ಫಂಕ್ಷನ್ನಿಗೆ ಜಾಣ ಎಂಬ ಹೆಸರಿದೆ. ತಾರೀಖನ್ನು ಹೇಗೆ ಬರೆದು ಕೊಟ್ಟರೂ ತಾನೇ ಅರ್ಥಮಾಡಿಕೊಳ್ಳುತ್ತದೆ ಎಂದು ಪಾಠ ಹೇಳುವವರು ಕೊಂಡಾಡುತ್ತಾರೆ. ಪಾಂಡಾಸ್ ಇಲ್ಲದೆ ನನ್ನ ಕೆಲಸವೂ ಸಾಗದು. ಆದರೂ ಹೇಳುತ್ತೇನೆ: ಈ ಜಾಣತನವೇ ಅದರ ದೋಷ.

ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ, ಅಮೆರಿಕದಲ್ಲಿ ತಿರುಗಾಮುರುಗಾ. ಏನೂ ಹೇಳದೆ ಬಿಟ್ಟರೆ ಈ ಫಂಕ್ಷನ್ನು ಅಮೆರಿಕದ ಕಡೆಗೇ ವಾಲುತ್ತದೆ. ಮೊದಲೆಲ್ಲ ಒಂದೊಂದು ಸಾಲಿಗೂ ಬೇರೆ ಬೇರೆ ಊಹೆ: 12/01 ಡಿಸೆಂಬರ್ ಒಂದು, ಅದರ ಕೆಳಗಿನ 13/01 ಜನವರಿ ಹದಿಮೂರು! 2023ರ 2.0 ಆವೃತ್ತಿಯಿಂದ ಈಚೆಗೆ ಮೊದಲ ಸಾಲು ನೋಡಿ ರೂಪ ಗೊತ್ತುಮಾಡಿಕೊಂಡು, ಉಳಿದವನ್ನೂ ಅದರಂತೆಯೇ ಓದುತ್ತದೆ. ರೋಗ ವಾಸಿಯಾಯಿತು ಎಂದರು. ನೋಡೋಣ.

2024ರ ಏಪ್ರಿಲ್ ತಿಂಗಳ ಲೆಕ್ಕ, ದಿನಕ್ಕೊಂದು ಸಾಲು ಎಂದಿಟ್ಟುಕೊಳ್ಳಿ. ಮೊದಲ ಸಾಲು 01/04/2024. ಅದು ಜನವರಿ ನಾಲ್ಕಾಗುತ್ತದೆ. 02/04 ಫೆಬ್ರವರಿ ನಾಲ್ಕು. ಹೀಗೇ ಡಿಸೆಂಬರ್ ನಾಲ್ಕರವರೆಗೆ. 13/04 ಬಂದಾಗ ಹದಿಮೂರನೇ ತಿಂಗಳಿಲ್ಲದೆ ಎರರ್ ಕೊಟ್ಟು ನಿಲ್ಲುತ್ತದೆ. ಇಡೀ ವ್ಯವಹಾರದಲ್ಲಿ ಪ್ರಾಮಾಣಿಕವಾದ ಗಳಿಗೆ ಇದೊಂದೇ. ಅದನ್ನೂ ನಾವು ಬಾಯಿಮುಚ್ಚಿಸುತ್ತೇವೆ: ‘ಎರರ್ಸ್’ ಎಂಬಲ್ಲಿ ‘ಕೊಯರ್ಸ್’ ಎಂದು ಬರೆದರಾಯಿತು, ಓದಲಾಗದ್ದೆಲ್ಲ ಖಾಲಿ. ಹದಿನೆಂಟು ದಿನ ಮಾಯ. ಉಳಿದ ಹನ್ನೆರಡರಲ್ಲಿ ಸರಿಯಾದದ್ದು ಏಪ್ರಿಲ್ ನಾಲ್ಕು ಮಾತ್ರ, ಅದೂ ಕಾಕತಾಳೀಯ. ತಿಂಗಳುವಾರು ಗುಂಪು ಮಾಡಿ. ಖಾಲಿ ಸಾಲುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಒಂದು ತಿಂಗಳ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಕಂಬಗಳ ಚಂದದ ಗ್ರಾಫ್ ಆಗಿ ನಿಲ್ಲುತ್ತದೆ.

‘ಡೇಟಾ ಕೊಳಕಾಗಿತ್ತು’ ಎನ್ನುವ ವಿಮರ್ಶಕರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುಮಾಸ್ತ ಬರೆದ 01/04ರಲ್ಲಿ ಕೊಳಕೇನಿದೆ? ಅವನು ಹುಟ್ಟಿದಾಗಿನಿಂದ ಏಪ್ರಿಲ್ ಒಂದನ್ನು ಹಾಗೆಯೇ ಬರೆದಿದ್ದಾನೆ. ಇನ್ನು ಕೆಲವರು ‘ಡೇಫಸ್ಟ್’ ಎಂದು ಸೂಚಿಸಿದರೆ ಸಾಕು ಎನ್ನುತ್ತಾರೆ. ಇವರು ಕೈಪಿಡಿಯನ್ನೇ ಓದಿಲ್ಲ. ಆ ಸೂಚನೆ ಕಟ್ಟುನಿಟ್ಟಲ್ಲ, ಬರೀ ಒಲವು ಎಂದು ಅಲ್ಲೇ ಬರೆದಿದೆ. ಮೊದಲ ಸಾಲು 04/15 ಆಗಿದ್ದರೆ ಒಂದು ಎಚ್ಚರಿಕೆ ಗೊಣಗಿ ತಿಂಗಳು ಮೊದಲೆಂದೇ ಓದುತ್ತದೆ. ಆ ಗೊಣಗಾಟವನ್ನು ಯಾರು ಓದುತ್ತಾರೆ? ಎಚ್ಚರಿಕೆಗಳನ್ನೆಲ್ಲ ಅಡಗಿಸುವ ಸಾಲನ್ನು ನೋಟ್‌ಬುಕ್ಕಿನ ತಲೆಯಲ್ಲೇ ಬರೆದಿಟ್ಟಿರುತ್ತೇವಲ್ಲ.

ದಿನವೂ ತಿಂಗಳೂ ಹನ್ನೆರಡರೊಳಗಿದ್ದು, ಎರಡೂ ಬೇರೆ ಬೇರೆಯಾಗಿರುವ ದಿನಗಳು ವರ್ಷಕ್ಕೆ 132. ಫೈಲಿನಲ್ಲಿ ಅವಷ್ಟೇ ಇದ್ದರೆ ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಇಂಥ ಕಡೆ ಊಹೆ ಯಾವ ಆವೃತ್ತಿಯಲ್ಲೂ ಸುಧಾರಿಸದು, ಏಕೆಂದರೆ ಉತ್ತರ ಫೈಲಿನೊಳಗೆ ಇಲ್ಲವೇ ಇಲ್ಲ. ಅದು ಇರುವುದು ಫೈಲು ಕಳಿಸಿದವರ ಹತ್ತಿರ. ಅವರಿಗೊಂದು ಫೋನು ಮಾಡಿ, ಯಾವುದು ಮೊದಲು ಎಂದು ಕೇಳಿ, ‘ಫಾರ್ಮ್ಯಾಟ್’ ಎಂಬಲ್ಲಿ ಎಂಟು ಅಕ್ಷರ ಬರೆಯಿರಿ.