ಅಶ್ವಸೈನಿಕರ ಜೀವನಚರಿತ್ರೆ: ಒಂದು ವಿಮರ್ಶೆ

ಬೆಂಗಳೂರಿನ ಉತ್ತರಭಾಗದಲ್ಲಿ ಯುದ್ಧದಲ್ಲಿ ಮಡಿದವರಿಗಾಗಿ ನಿಂತ ಎರಡು ಕಲ್ಲುಗಳನ್ನು ವಾಚಕರು ಗಮನಿಸಬೇಕು. ಒಂದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ಈ ಶಾಸನವು 2018ರಲ್ಲಿ ಬೆಳಕಿಗೆ ಬಂದಿತು. ಮತ್ತೊಂದು, ರವೀಂದ್ರನಾಥ ಟಾಗೋರ್ ನಗರಕ್ಕೆ ಸಮೀಪವಾದ ಜಯಚಾಮರಾಜೇಂದ್ರ ನಗರದಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಮೈಸೂರು ಲಾನ್ಸರ್ಸ್ ಅಶ್ವಸೈನಿಕರ ಸ್ಮಾರಕ. ಕಿತ್ತಯ್ಯನ ಶಾಸನವು ಕೆಲವೇ ಪಂಕ್ತಿಗಳಲ್ಲಿ, ಯಾರ ಆಳಿಕೆಯಲ್ಲಿ, ಯಾವ ನಾಡಿನಲ್ಲಿ, ಯಾರೊಡನೆ ಕಾದಿ ಅವನು ಸತ್ತನೆಂಬುದನ್ನು ಹೇಳಿ ಮುಗಿಸುವುದು. ಅಲ್ಲಿ ಸ್ತುತಿಗಿಂತ ಸಂಗತಿಯೇ ಹೆಚ್ಚು. ವೀರನ ಚರಿತ್ರೆಯನ್ನು ಬರೆಯಹೊರಡುವವರಿಗೆ ಈ ಮಿತವಾದ ಮಾತೇ ಮೊದಲನೆಯ ಪಾಠವೆಂದು ನಮ್ಮ ಅಭಿಪ್ರಾಯ.

ಈ ಪಾಠವನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕದ ಜಾರ್ಜ್ ಕಸ್ಟರನ ಚರಿತ್ರೆಯೇ ನಿದರ್ಶನ. ಇವನು 1861ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ತನ್ನ ತರಗತಿಯಲ್ಲಿ ಕಡೆಯವನಾಗಿ ತೇರ್ಗಡೆಯಾದನು. ಅಂತರ್ಯುದ್ಧದಲ್ಲಿ 23ನೆಯ ವಯಸ್ಸಿಗೇ ಬ್ರಿಗೇಡಿಯರ್ ಜನರಲ್ ಆದನು. ಬಳಿಕ 7ನೆಯ ಅಶ್ವದಳದ ಅಧಿಕಾರಿಯಾಗಿ, 1867ರಲ್ಲಿ ಸೈನಿಕ ನ್ಯಾಯಾಲಯದಿಂದ ಶಿಕ್ಷೆಗೊಳಗಾದನು. 1868ರ ನವೆಂಬರಿನಲ್ಲಿ ವಾಷಿಟಾ ನದಿಯ ದಡದಲ್ಲಿ ಶೈಯನ್ ಜನರ ಊರೊಂದರ ಮೇಲೆ ಬೆಳಗಿನ ಜಾವದಲ್ಲಿ ಬಿದ್ದನು; ಅಲ್ಲಿ ಹೆಂಗಸರೂ ಮಕ್ಕಳೂ ಸತ್ತರು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟ ಮತ್ತು ಶೈಯನ್ ಯೋಧರಿಗೆದುರಾಗಿ, ತನ್ನೊಡನಿದ್ದ ಇನ್ನೂರಕ್ಕೂ ಮೇಲ್ಪಟ್ಟ ಜನರೊಡನೆ ಹತನಾದನು.

ಸೋತು ಸತ್ತ ಈ ಅಧಿಕಾರಿ ಬಹುಕಾಲ ದೇಶದ ಆದರ್ಶವೀರನಾಗಿ ಉಳಿದುದು ಹೇಗೆ? ಲೇಖನಿಯ ಬಲದಿಂದ. ಅವನೇ 1874ರಲ್ಲಿ ತನ್ನ ಅನುಭವಗಳ ಪುಸ್ತಕವನ್ನು ಪ್ರಕಟಿಸಿದ್ದನು. ಅವನ ವಿಧವೆ ಎಲಿಜಬೆತ್ ಕಸ್ಟರ್ ಅವರು 1885, 1887 ಮತ್ತು 1890ರಲ್ಲಿ ಮೂರು ಗ್ರಂಥಗಳನ್ನು ಬರೆದರು. ಪತಿಭಕ್ತಿಯೂ ದಂಡಿನ ಬಾಳಿನ ಸೊಗಸಾದ ವರ್ಣನೆಯೂ ಅವುಗಳ ಗುಣ. ಪತಿಯ ತಪ್ಪುಗಳನ್ನು ಕಾಣದಿರುವುದು ಅವುಗಳ ದೋಷ. ಆಕೆ 1933ರಲ್ಲಿ ತೀರಿಕೊಂಡರು. ಮರುವರ್ಷವೇ ಫ್ರೆಡರಿಕ್ ವ್ಯಾನ್ ಡಿ ವಾಟರ್ ಎಂಬವರು ಕಸ್ಟರನನ್ನು ಕೀರ್ತಿಯ ಬೇಟೆಗಾರನೆಂದು ಕರೆದು ಅವನ ಚರಿತ್ರೆಯನ್ನು ಹೊರತಂದರು. ಪೂಜೆಯಿಂದ ಹಳಿತಕ್ಕೆ ಒಂದೇ ಹೆಜ್ಜೆ. ನಡುವೆ ಇರಬೇಕಾದ ಸತ್ಯಕ್ಕೆ ಬಹುಕಾಲ ಎಡೆ ದೊರೆಯಲಿಲ್ಲ.

ನಮ್ಮ ಅಶ್ವಸೈನಿಕರ ವಿಷಯದಲ್ಲಿಯೂ ಇದೇ ಅಪಾಯವುಂಟು. ಕರ್ನಲ್ ದೇಸರಾಜ ಅರಸು ಅವರ ಮುಂದಾಳುತನದ ಮೈಸೂರು ಪಡೆ 1914ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಬಳಿ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಮೈಸೂರಿನ ಒಂದು ತುಕಡಿ ಏರಿತು. ಕೆಳಗೆ ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಮಡಿದರು. ಸುಮಾರು 1,350 ಜನ ಸೆರೆಸಿಕ್ಕರು. ಭರ್ಜಿ ಹಿಡಿದ ಸವಾರರು ಮೆಷಿನ್‌ಗನ್ನುಗಳನ್ನು ಗೆದ್ದುದು ಹೊಗಳಿಕೆಗೆ ಅರ್ಹವಾದ ಸಾಹಸವೆಂಬುದು ನಿರ್ವಿವಾದ.

ಆದರೆ ಹೈಫಾದಲ್ಲಿಯೇ ಕಥೆಯನ್ನು ನಿಲ್ಲಿಸುವವನು ಸ್ತುತಿಪಾಠಕನೇ ಹೊರತು ಚರಿತ್ರಕಾರನಲ್ಲ. ಅಕ್ಟೋಬರ್ 26ರಂದು, ಯುದ್ಧವಿರಾಮಕ್ಕೆ ಕೆಲವೇ ದಿನಗಳಿರುವಾಗ, ಅಲೆಪ್ಪೊ ನಗರದ ಆಚೆ ಹರಿತಾನ್ ಎಂಬಲ್ಲಿ ಇದೇ ಮೈಸೂರು, ಜೋಧಪುರ ಪಡೆಗಳು ತಮಗಿಂತ ಬಲವಾದ ಶತ್ರುವಿನ ಮೇಲೆ ಏರಿಹೋಗಿ ಹಿಮ್ಮೆಟ್ಟಬೇಕಾಯಿತು. 21 ಜನ ಸತ್ತರು. ಗೆಲವನ್ನು ಬರೆದ ಕೈಯೇ ಇದನ್ನೂ ಬರೆಯಬೇಕು. ಇಷ್ಟೇ ಅಲ್ಲ. ಈ ಯುದ್ಧಕ್ಕೆ ಮೈಸೂರು ಸಂಸ್ಥಾನವು 50 ಲಕ್ಷ ರೂಪಾಯಿಗಳನ್ನೂ ಕೊಟ್ಟಿತ್ತು. ನಮ್ಮ ನಾಡಿನ ಸವಾರನು ತಾನು ಕಂಡರಿಯದ ಮರುಭೂಮಿಯಲ್ಲಿ, ತನಗೆ ಹಗೆಯಲ್ಲದ ತುರ್ಕಿಯ ಸಿಪಾಯಿಯನ್ನು ಇರಿದುದು ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯನ್ನು ಕೇಳದೆ ಬರೆದ ಚರಿತ್ರೆ ಅಪೂರ್ಣವೇ ಸರಿ. ಹಾಗೆ ಕೇಳುವುದರಿಂದ ಅವನ ಧೈರ್ಯಕ್ಕೆ ಕುಂದು ಬರಲಾರದು. ಸಾಮ್ರಾಜ್ಯದ ಲೆಕ್ಕವೂ ಸವಾರನ ಲೆಕ್ಕವೂ ಬೇರೆಬೇರೆಯೆಂಬುದು ಸ್ಪಷ್ಟವಾಗುವುದು, ಅಷ್ಟೆ.

ಆ ಪಡೆ ಈಗಿಲ್ಲ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವಪಡೆಗಳೊಡನೆ ಅದೂ ಭಾರತೀಯ ಸೇನೆಯ 61ನೆಯ ಅಶ್ವದಳದಲ್ಲಿ ಸೇರಿಹೋಯಿತು. ಉಳಿದಿರುವುದು ಕಲ್ಲು, ಕಾಗದ, ಮನೆಮನೆಯ ನೆನಪು. ಅವುಗಳನ್ನು ಕೂಡಿಸಿ ಬರೆಯುವ ಕನ್ನಡಿಗನು ಕಸ್ಟರನ ವಿಧವೆಯ ಮಮತೆಯನ್ನು ಬದಿಗಿಟ್ಟು, ಕಿತ್ತಯ್ಯನ ಕಲ್ಲಿನ ನೇರವಾದ ಮಾತನ್ನು ಹಿಡಿಯಲಿ. ಸತ್ತವರಿಗೆ ಸಲ್ಲಬೇಕಾದ ಗೌರವವೂ ಅದೇ.