ಮೊದಲು ಕತ್ತರಿಸಿದ್ದು ಯಾವುದನ್ನು?

ಮಂಡಿಯ ಲಿಗಮೆಂಟುಗಳ ಕೆಲಸ ತಿಳಿಯಲು ಸಂಶೋಧಕರು ಬಹುಕಾಲ ಒಂದೇ ದಾರಿ ಹಿಡಿದಿದ್ದರು. ಮೃತದೇಹದ ಮಂಡಿಯನ್ನು ಯಂತ್ರಕ್ಕೆ ಬಿಗಿಯುವುದು, ಲಿಗಮೆಂಟುಗಳನ್ನು ಒಂದೊಂದಾಗಿ ಕತ್ತರಿಸುವುದು, ಪ್ರತಿ ಸಲವೂ ಕೀಲು ಎಷ್ಟು ಸಡಿಲವಾಯಿತೆಂದು ಅಳೆಯುವುದು. ಉತ್ತರವೇನೋ ಬರುತ್ತಿತ್ತು, ಆದರೆ ಕತ್ತರಿಸಿದ ಸರದಿ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಮಂಡಿಯೊಳಗಿನ ಮುಂದಿನ ಲಿಗಮೆಂಟಾದ ಎಸಿಎಲ್ ಗಟ್ಟಿಯಾಗಿರುವಾಗ ಒಳಬದಿಯ ಎಂಸಿಎಲ್ ಕತ್ತರಿಸಿದರೆ, ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜರುಗುವುದರಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು. ಎಸಿಎಲ್ ಹೋದ ಮೇಲೆ ಅದೇ ಎಂಸಿಎಲ್ ಕತ್ತರಿಸಿದರೆ ಜರುಗಾಟ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಹಾಗಾದರೆ ಎಂಸಿಎಲ್ ಆ ಕೆಲಸದಲ್ಲಿ ಪಾಲುದಾರನೋ ಅಲ್ಲವೋ?

1980ರಲ್ಲಿ ಬಟ್ಲರ್, ನಾಯ್ಸ್ ಮತ್ತು ಗ್ರೂಡ್ ಪ್ರಕಟಿಸಿದ ಪ್ರಬಂಧ ಈ ಗಂಟನ್ನು ಬಿಚ್ಚಿತು. ಅವರು ಲೆಕ್ಕವನ್ನೇ ತಿರುಗಿಸಿದರು. ಮೂಳೆಯನ್ನು ಪ್ರತಿ ಸಲವೂ ಅಷ್ಟೇ ಮಿಲಿಮೀಟರ್ ಜರುಗಿಸಿ, ಅದಕ್ಕೆ ಬೇಕಾದ ಬಲವನ್ನು ಅಳೆದರು. ಒಂದು ಲಿಗಮೆಂಟ್ ಕತ್ತರಿಸಿದಾಗ ಎಷ್ಟು ಬಲ ಕುಸಿಯಿತೋ ಅಷ್ಟು ಅದರ ಪಾಲು, ಸರದಿಯ ಹಂಗಿಲ್ಲ. ಮುಂದಕ್ಕೆ ಜರುಗುವುದನ್ನು ತಡೆಯುವಲ್ಲಿ ಎಸಿಎಲ್ ಪಾಲು ಶೇ. 86ರಷ್ಟು, ಹಿಂದಕ್ಕೆ ಜರುಗುವುದನ್ನು ತಡೆಯುವಲ್ಲಿ ಹಿಂದಿನ ಲಿಗಮೆಂಟಾದ ಪಿಸಿಎಲ್ ಪಾಲು ಶೇ. 95ರಷ್ಟು ಎಂದು ತಿಳಿಯಿತು. ಮಂಡಿಯ ಅಧ್ಯಯನದಲ್ಲಿ ಇಷ್ಟು ಸರಳವೂ ಇಷ್ಟು ಫಲಪ್ರದವೂ ಆದ ಆಲೋಚನೆ ನನ್ನ ಓದಿನಲ್ಲಿ ಇನ್ನೊಂದಿಲ್ಲ. ಮುಖ್ಯ ತಡೆ, ಪೂರಕ ತಡೆ ಎಂದು ಇಂದು ವೈದ್ಯರು ಮಾಡುವ ವಿಂಗಡಣೆ ಗಟ್ಟಿ ನೆಲದ ಮೇಲೆ ನಿಂತದ್ದು ಇಲ್ಲಿಂದ.

ಆದರೆ ಆ ಶೇ. 86 ಎಂಬ ಅಂಕಿಯೇ ತೊಂದರೆಯನ್ನೂ ತಂದಿತು. ಅದನ್ನು ಓದಿದವರ ಕಣ್ಣಿಗೆ ಉಳಿದ ಶೇ. 14 ಕ್ಷುಲ್ಲಕವಾಗಿ ಕಂಡಿತು. ಆದರೆ ಎಸಿಎಲ್ ಹರಿದ ದಿನದಿಂದ ಇಡೀ ಹೊರೆ ಬೀಳುವುದು ಆ ಶೇ. 14ರ ಮೇಲೆಯೇ. ಆ ಪೂರಕ ತಡೆಗಳು ವರ್ಷಗಳಲ್ಲಿ ನಿಧಾನವಾಗಿ ಹಿಗ್ಗುತ್ತ ಹೋಗುವುದನ್ನು ಒಂದೇ ದಿನದ ಪ್ರಯೋಗ ತೋರಿಸಲಾರದು. ಸತ್ತ ಮಂಡಿಯಲ್ಲಿ ಸ್ನಾಯುಗಳು ಕೆಲಸ ಮಾಡುವುದಿಲ್ಲ ಎಂಬ ಮಿತಿ ಬೇರೆ. ದಾನಿಯ ವಯಸ್ಸೂ ಸಣ್ಣ ಮಾತಲ್ಲ: 1991ರಲ್ಲಿ ಸಾವಿಯೋ ವೂ ತಂಡ ಅಳೆದಾಗ ಯುವಕರ ಎಸಿಎಲ್ ಸುಮಾರು 2160 ನ್ಯೂಟನ್ ತಾಳಿಕೊಂಡರೆ, ವೃದ್ಧರದು ಸುಮಾರು 658 ನ್ಯೂಟನ್‌ಗೇ ಹರಿಯಿತು.

ಎರಡು ಮೂರು ಲಿಗಮೆಂಟುಗಳು ಒಟ್ಟಿಗೆ ಹರಿದಾಗ ಕೂಡುವ ಲೆಕ್ಕ ನಡೆಯದು. ಇದನ್ನು ಚೆನ್ನಾಗಿ ತೋರಿಸಿದ್ದು 1987ರ ಗಾಲೆಹಾನ್, 1988ರ ಗ್ರೂಡ್ ತಂಡಗಳ ಪ್ರಯೋಗಗಳು. ಪಿಸಿಎಲ್ ಒಂದನ್ನೇ ಕತ್ತರಿಸಿದರೆ ಕಾಲು ಹೊರಕ್ಕೆ ತಿರುಗುವುದು ಹೆಚ್ಚುವುದಿಲ್ಲ. ಮಂಡಿಯ ಹಿಂದಿನ ಹೊರಮೂಲೆಯ ಎಲ್‌ಸಿಎಲ್, ಪಾಪ್ಲಿಟಿಯಸ್ ಸ್ನಾಯುರಜ್ಜು ಮೊದಲಾದವುಗಳನ್ನು ಮಾತ್ರ ಕತ್ತರಿಸಿದರೆ 30 ಡಿಗ್ರಿ ಮಡಿಕೆಯಲ್ಲಿ ತಿರುಗು ಹೆಚ್ಚುತ್ತದೆ, 90ರಲ್ಲಿ ಅಷ್ಟಾಗಿ ಇಲ್ಲ. ಎರಡನ್ನೂ ಕತ್ತರಿಸಿದಾಗ 90 ಡಿಗ್ರಿಯಲ್ಲೂ ಕಾಲು ಹೊರಕ್ಕೆ ಹೊರಳುತ್ತದೆ. ತನ್ನಷ್ಟಕ್ಕೆ ಏನೂ ಮಾಡದಂತೆ ಕಂಡ ಪಿಸಿಎಲ್, ಜೊತೆಗಾರ ಹೋದಾಗ ತಾನು ಮಾಡುತ್ತಿದ್ದ ಕೆಲಸವನ್ನು ತೋರಿಸಿಕೊಡುತ್ತದೆ. ರೋಗಿಯನ್ನು ಬೋರಲಾಗಿ ಮಲಗಿಸಿ ಎರಡು ಕೋನಗಳಲ್ಲಿ ಪಾದಗಳನ್ನು ಹೊರಕ್ಕೆ ತಿರುಗಿಸಿ ನೋಡುವ ಡಯಲ್ ಪರೀಕ್ಷೆಗೆ ಈ ಪ್ರಯೋಗಗಳೇ ಬಲವಾದ ಆಧಾರ. ಪ್ರಯೋಗಶಾಲೆಯ ಫಲ ಯಂತ್ರದ ಹಂಗಿಲ್ಲದೆ ಹಾಸಿಗೆಯ ಪಕ್ಕಕ್ಕೆ ಬಂದ ಇಂಥ ಉದಾಹರಣೆಗಳು ವಿರಳ.

1999ರಲ್ಲಿ ಲಾಪ್ರೇಡ್ ತಂಡ ಮುಂದಿನ ಪ್ರಶ್ನೆ ಕೇಳಿತು: ಹೊರಮೂಲೆಯನ್ನು ಹರಿದ ಹಾಗೆಯೇ ಬಿಟ್ಟು ಎಸಿಎಲ್ ಒಂದನ್ನೇ ಹೊಸದಾಗಿ ಕೂರಿಸಿದರೆ? ಮಂಡಿಯನ್ನು ಹೊರಬದಿ ಬಾಯ್ಬಿಡುವಂತೆ ಬಾಗಿಸಿದಾಗ ಹೊಸ ಗ್ರಾಫ್ಟಿನ ಮೇಲಿನ ಎಳೆತ ಸ್ಪಷ್ಟವಾಗಿ ಏರಿತು. ನಮ್ಮಲ್ಲಿ ಬೈಕಿನಿಂದ ಬಿದ್ದು ಮಂಡಿ ಹಾಳುಮಾಡಿಕೊಂಡು ಬರುವವರ ಪಾಲಿಗೆ ಈ ಫಲಿತಾಂಶಕ್ಕಿಂತ ಮುಖ್ಯವಾದುದು ಕಡಿಮೆ. ಎಂಆರ್‌ಐ ತೋರಿಸುವುದು ಅಲುಗದೆ ಮಲಗಿದ ಮಂಡಿಯನ್ನು. ಯಾವ ಕೋನದಲ್ಲಿ, ಯಾವ ಕಡೆಗೆ ಅದು ಬಿಟ್ಟುಕೊಡುತ್ತದೆ ಎಂಬುದು ಕೈಯಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಎಸಿಎಲ್ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲು, ವರದಿಯಲ್ಲಿ ಎಸಿಎಲ್ ಒಂದರ ಹೆಸರೇ ಇದ್ದರೂ, ಕೈಯಿಟ್ಟು ಮಾಡುವ ಆ ಪರೀಕ್ಷೆ ಆಗಲೇಬೇಕು.